ಜೇನು ಒಣಗಿಸಿದ ಮಹಾಪುರುಷ

ಜೇನನ್ನೂ ಒಣಗಿಸುತ್ತಾರೆಯೇ ಎಂದು ನಗುವವರು ಮೊದಲು ನಕ್ಕುಬಿಡಿ. ಆಮೇಲೆ ನನ್ನ ಮಾತು ಕೇಳಿ.

ನಮ್ಮ ತಾರಸಿಯ ಮೇಲೆ ಎರಡು ಜೇನುಪೆಟ್ಟಿಗೆಗಳಿವೆ. ಜೇನು ಹದಕ್ಕೆ ಬಂದಾಗ ಹುಳುಗಳೇ ಅದಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಅದಾದ ಮೇಲೆ ತೆಗೆಯುವುದು ಕ್ರಮ. ಆದರೆ ನನ್ನ ಷಡ್ಡಕ (ಹೆಂಡತಿಯ ಅಕ್ಕನ ಗಂಡ, ಮದುವೆಯಾದಂದಿನಿಂದ ನನಗಿಂತ ಒಂದು ಹೆಜ್ಜೆ ಮುಂದೆ) ಆಗಲೇ ಜೇನು ಇಳಿಸಿದ್ದ. ಇನ್ನು ನಾನು ಮುಚ್ಚಳಕ್ಕೆ ಕಾಯುವುದುಂಟೆ? ಎಂಟು ಲೀಟರ್ ಇಳಿಸಿಯೇಬಿಟ್ಟೆ.

ಜೇನುಸಾಕಣೆ ಸಂಘದ ಕಾರ್ಯದರ್ಶಿ ಒಂದು ಹನಿಯನ್ನು ಮಾಪಕದ ಗಾಜಿಗೆ ಸವರಿ, ಒಂದು ಕಣ್ಣು ಮುಚ್ಚಿ ನೋಡಿದರು.

"ನೀರಿನಂಶ ಶೇಕಡಾ ಇಪ್ಪತ್ತೆರಡು. ಹೀಗೇ ಇಟ್ರೆ ಹುಳಿ ಬರುತ್ತೆ. ಹತ್ತೊಂಬತ್ತರ ಒಳಗೆ ಇಳಿಸಿ ತನ್ನಿ, ಸಂಘದ ಶೀಶೆ ಮೇಲೆ ಹೆಸರು ಹಾಕೋಣ. ಒಲೆ ಮೇಲೆ ಮಾತ್ರ ಇಡಬೇಡಿ."

ಷಡ್ಡಕನದು ಹದಿನೆಂಟು. ಅವನ ಹೆಸರು ಆಗಲೇ ಶೀಶೆ ಏರಿತ್ತು.

"ಹುಳಕ್ಕಿರೋ ತಾಳ್ಮೆ ನಿಮಗಿಲ್ಲ ಕಣ್ರೀ" ಎಂದಳು ಹೆಂಡತಿ.

"ಹುಳಕ್ಕೆ ಷಡ್ಡಕ ಇಲ್ಲ ಕಣೇ!"

ಸಾಮಾನಿನ ಕೋಣೆ ಖಾಲಿ ಮಾಡಿದೆ. ಕಿಟಕಿ ಬಾಗಿಲು ಭದ್ರಪಡಿಸಿ, ಜೇನನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಮೇಜಿನ ಮೇಲಿಟ್ಟೆ. ಫ್ಯಾನ್ ಹಾಕಿದೆ. ಗಾಳಿಯ ತೇವ ಹೀರಿ ತನ್ನ ಹೊಟ್ಟೆಯ ಡಬ್ಬದಲ್ಲಿ ನೀರು ತುಂಬಿಕೊಳ್ಳುವ ಯಂತ್ರವೊಂದನ್ನು ಪ್ರತಿಷ್ಠಾಪಿಸಿದೆ. ಇರುವೆಗಳ ದಂಡಯಾತ್ರೆ ತಡೆಯಲು ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಅಗಲ ಬೇಸಿನ್ನುಗಳಲ್ಲಿ ನಿಲ್ಲಿಸಿದೆ. ಕೋಟೆ ಸಿದ್ಧ, ಕಂದಕವೂ ಸಿದ್ಧ.

ಮರುದಿನ ನೋಡಿದರೆ ಯಂತ್ರದ ಡಬ್ಬದಲ್ಲಿ ಒಂದು ಲೀಟರ್ ನೀರು! ಪಕ್ಕದ ಮನೆಯ ದರ್ಜಿಯನ್ನು ಕರೆದು, "ಇದು ನಮ್ಮ ಜೇನಿಂದ ತೆಗೆದಿದ್ದು" ಎಂದು ತೋರಿಸಿದೆ. ಆತ ಕೈಮುಗಿಯುವುದೊಂದು ಬಾಕಿ. ಅಂಥ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಬೇಸಿನ್ನುಗಳಲ್ಲಿ ಹೇಗೂ ನೀರು ಇಳಿದಿತ್ತು, ಅದಕ್ಕೇ ಸುರಿದೆ. (ಮಿತವ್ಯಯ ನನ್ನ ರಕ್ತದಲ್ಲೇ ಇದೆ.) ದಿನವೂ ಇದೇ ಕೆಲಸ, ದಿನವೂ ಷಡ್ಡಕನಿಗೆ ಫೋನು: "ಇವತ್ತು ಇನ್ನೊಂದು ಲೀಟರ್ ಕಣಯ್ಯಾ!"

ಎಂಟನೇ ದಿನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ರೀ, ಜೇನು ಎಷ್ಟಿತ್ತು?"

"ಎಂಟು ಲೀಟರ್."

"ನೀರೆಷ್ಟು ತೆಗೆದ್ರಿ?"

"ಏಳು!" ಎದೆ ಉಬ್ಬಿಸಿದೆ.

"ಹಾಗಾದ್ರೆ ತಟ್ಟೇಲಿ ಒಂದು ಲೀಟರ್ ಉಳೀಬೇಕಲ್ವಾ?"

ತಟ್ಟೆಗಳತ್ತ ನೋಡಿದೆ. ಜೇನು ಇಟ್ಟಷ್ಟೇ ಇತ್ತು.

"ನಿಮ್ಮ ಯಂತ್ರ ಒಂದು ವಾರದಿಂದ ಬೇಸಿನ್ ಒಣಗಿಸ್ತಿದೆ. ನೀವು ಅದೇ ನೀರು ತಂದು ಅದಕ್ಕೇ ಹೊಯ್ತಿದ್ದೀರಿ. ಪಾಪ, ಜೇನಿನ ಸರದಿ ಬರೋದ್ಯಾವಾಗ?"

ನಾನು ಗಂಭೀರವಾಗಿ ಚಾವಣಿ ಪರೀಕ್ಷಿಸಿದೆ.

ಅವಳು ಬೇಸಿನ್ನಿನ ನೀರು ಚೆಲ್ಲಿ, ತಳದಲ್ಲಿ ಒಂದಿಷ್ಟು ಎಣ್ಣೆ ಹಾಕಿದಳು. ಇರುವೆ ಅದನ್ನೂ ದಾಟುವುದಿಲ್ಲವಂತೆ, ಎಣ್ಣೆ ಆರಿಹೋಗುವುದೂ ಇಲ್ಲವಂತೆ. ಹೊತ್ತು ಹೊತ್ತಿಗೆ ಜೇನನ್ನು ಮೆಲ್ಲಗೆ ತಿರುವಿದಳು. ಐದನೇ ದಿನ ಕಾರ್ಯದರ್ಶಿ ಮಾಪಕ ನೋಡಿ, "ಹದಿನೇಳೂವರೆ!" ಎಂದು ಉದ್ಗರಿಸಿದರು. ಷಡ್ಡಕನಿಗಿಂತ ಅರ್ಧ ಕಡಿಮೆ! "ಒಣಗಿಸಿದ್ದು ಯಾರು?" ಎಂದು ಅವರು ಕೇಳಿದಾಗ ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಉತ್ತರ ಕೊಟ್ಟಾಗಿತ್ತು. ಶೀಶೆಯ ಮೇಲೆ ಅವಳ ಹೆಸರೇ ಕೂತಿತು.

ಸಂಘದ ಸಭೆಯಲ್ಲಿ ಅವಳದೇ ಉಪನ್ಯಾಸ. ಎರಡು ನಿಮಿಷ ಮಾತಾಡಿ, "ಹೇಗೆ ಒಣಗಿಸ್ಬೇಕು ಅನ್ನೋಕೆ ಇಷ್ಟು ಸಾಕು. ಹೇಗೆ ಒಣಗಿಸ್ಬಾರ್ದು ಅನ್ನೋಕೆ ಅನುಭವಸ್ಥರೇ ಬೇಕು. ನಮ್ಮೆಜಮಾನ್ರು ಬರ್ತಾರೆ" ಎಂದುಬಿಟ್ಟಳು.

ನಾನು ಹಿಂಜರಿಯಲಿಲ್ಲ. ನಲವತ್ತು ನಿಮಿಷ ಮಾತಾಡಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಷಡ್ಡಕನನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಈಗ ಇನ್ನೆರಡು ಸಂಘಗಳಿಂದ ನನಗೆ ಆಹ್ವಾನ ಬಂದಿದೆ, ನನಗೊಬ್ಬನಿಗೇ!

ಪತ್ರಗಳನ್ನು ಹೆಂಡತಿಯ ಮುಂದೆ ಹಿಡಿದೆ. ಎರಡನ್ನೂ ಓದಿದಳು.

"ಧಾರಾಳವಾಗಿ ಹೋಗಿಬನ್ನಿ. ಆದ್ರೆ ಅಷ್ಟರಲ್ಲಿ ಸರಿಯಾದ ವಿಧಾನ ಕಲಿತುಬಿಟ್ಟೀರಿ, ಜೋಕೆ!"