ಪಾದರಸನ ಹಿಮ್ಮಡಿ

ಮಂಚದಿಂದ ಇಳಿದು ಎಡಗಾಲು ನೆಲಕ್ಕಿಟ್ಟ ಕೂಡಲೇ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಯಿತು. ಆದರೂ ಅವನು ಓಡಲು ಹೊರಟ. ಬೂಟಿನ ಅಂಗಡಿಯಲ್ಲಿ ದಿನವಿಡೀ ಕಂಡವರ ಕಾಲು ಹಿಡಿಯುವವನಿಗೆ ಮುಂಜಾನೆಯ ಆ ಅರ್ಧ ಗಂಟೆ ಮಾತ್ರ ಸ್ವಂತದ್ದು. ಕೆರೆಯ ದಂಡೆಯ ಮಂಜಿನಲ್ಲಿ ಓಡುತ್ತ ಓಡುತ್ತ ಮೊದಲು ಊರು ಕರಗುತ್ತಿತ್ತು, ಆಮೇಲೆ ತಾನೂ ಕರಗುತ್ತಿದ್ದ. ಯಾರಿಗೂ ಏನೂ ಮಾರಬೇಕಿಲ್ಲದ ಹೊತ್ತು ಅದು. ಅದಿಲ್ಲದೆ ಬದುಕುವುದು ಹೇಗೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅಂಗಡಿಯವರು ಅವನನ್ನು ಪಾದರಸ ಎನ್ನುತ್ತಿದ್ದರು. ವೇಗ ನೋಡಿ ಇಟ್ಟ ಹೆಸರಲ್ಲ. ಓಡುವ ಅವನನ್ನು ಮುದುಕರು ನಡೆದುಕೊಂಡೇ ದಾಟಿ ಹೋಗುವುದನ್ನು ಯಾರೋ ಕಂಡಿದ್ದರು.

ಕುಂಟುತ್ತ ಮರಳುವಾಗ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರರ ಕಣ್ಣಿಗೆ ಬಿದ್ದ. ಹಿಮ್ಮುಖವಾಗಿ ಓಡಿದರೆ ಹಿಮ್ಮಡಿ ನೆಲಕ್ಕೇ ತಾಗುವುದಿಲ್ಲ, ಈಗಲೇ ಓಡಿ ನೋಡು ಎಂದು ಅವರು ಅಪ್ಪಣೆ ಕೊಡಿಸಿದರು. ಅವನು ಓಡಿದ. ದೋಣಿ ದಡ ಬಿಟ್ಟಂತೆ ಮಾಸ್ತರರು, ಅವರ ಗೇಟು, ಇಡೀ ಬೀದಿ ಮೆಲ್ಲಗೆ ದೂರವಾಗತೊಡಗಿದವು. ಎಷ್ಟು ಹಿತವಾಗಿತ್ತೆಂದರೆ ಅವನು ಕಣ್ಣು ಮುಚ್ಚಿದ. ತೆರೆದಾಗ ಸುತ್ತಲೂ ತಣ್ಣನೆಯ ಬಿಳುಪು. ಸ್ವರ್ಗವಿರಬೇಕು ಅಂದುಕೊಳ್ಳುವಷ್ಟರಲ್ಲಿ, ಮನೆಯಂಗಳದ ಹಗ್ಗದ ಮೇಲೆ ಆಗಷ್ಟೇ ಒಗೆದು ಹಾಕಿದ್ದ ಬೆಡ್‌ಶೀಟಿನಿಂದ ಹೆಂಡತಿ ಅವನನ್ನು ಬಿಡಿಸಿದಳು. ಮಾಡಿದ್ದೆಲ್ಲ ಸಾಕು, ಸಂಜೆಯೊಳಗೆ ಆ ಓಟದ ಬೂಟು ಅಟ್ಟ ಸೇರುತ್ತದೆ ಎಂದಳು.

ಅಂಗಡಿಯಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಹೊಸ ಮಾಲನ್ನು ಕೆಲಸದವರೇ ತೊಟ್ಟು, ಉದ್ದನೆಯ ಕನ್ನಡಿಯ ಮುಂದೆ ಗಿರಾಕಿಗಳಿಗೆ ನಡೆದು ತೋರಿಸಬೇಕೆಂಬುದು ಯಜಮಾನರ ಪದ್ಧತಿ. ಆ ತಿಂಗಳ ಬೂಟನ್ನು ತೊಟ್ಟವನು ಪಾದರಸ. ಗೋಡೆಯ ಮೇಲೆ 'ಮೋಡದ ಮೇಲೆ ನಡೆದಂತೆ' ಎಂಬ ಬೋರ್ಡು, ಅದರ ಕೆಳಗೆ ಹಲ್ಲು ಕಚ್ಚಿಕೊಂಡು ಕುಂಟುವ ಇವನು. ಬೂಟು ಕೈಗೆತ್ತಿಕೊಂಡಿದ್ದ ಹೆಂಗಸೊಬ್ಬಳು ಅದನ್ನು ಮಲಗಿದ ನಾಯಿಯಂತೆ ಮೆಲ್ಲಗೆ ಕೆಳಗಿಟ್ಟು ಹೋದಳು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಬಣಬಣ.

ಯಜಮಾನರು ದನಿ ಏರಿಸುವವರಲ್ಲ. "ನೋಡು, ಒಂದೋ ಓಟ ಬಿಡು, ಇಲ್ಲಾ ಅಂಗಡಿ ಬಿಡು. ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬಾ" ಎಂದರು. ಅವನಿಗೆ ಅಳು ಬಂತು.

ಡಾಕ್ಟರಮ್ಮ ಹಿಮ್ಮಡಿಯನ್ನು ಒತ್ತಿ ನೋಡಿದರು. ಆಮೇಲೆ ಅವನು ತೊಟ್ಟು ಬಂದಿದ್ದ ಅಂಗಡಿಯ ಬೂಟನ್ನು ಕೈಗೆತ್ತಿಕೊಂಡು ಒದ್ದೆ ಬಟ್ಟೆಯಂತೆ ಹಿಂಡಿದರು. ಅದು ಪೂರ್ತಿ ತಿರುಚಿಕೊಂಡಿತು.

"ಇದು ಓಟದಿಂದ ಬಂದ ನೋವಲ್ಲ. ಇಂಥದ್ದನ್ನ ಹಾಕ್ಕೊಂಡು ದಿನಾ ಕಲ್ಲು ನೆಲದ ಮೇಲೆ ನಿಲ್ತೀರಲ್ಲ, ಅದ್ರಿಂದ. ಇದನ್ನ ಬಿಡಿ. ಒಳ್ಳೆ ಬೂಟು ಹಾಕಿ ನಿಧಾನವಾಗಿ ಓಡಿ, ತೊಂದ್ರೆ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ಇಷ್ಟು ಹೊತ್ತೂ. ಅವನು ಬೀದಿಯಲ್ಲಿ ತೇಲಿಕೊಂಡೇ ಅಂಗಡಿಗೆ ಬಂದ. ಅಂಗಡಿಯ ಬೂಟಿನದೇ ತಪ್ಪೆಂದು ಕೇಳಿ ಯಜಮಾನರು ಬಹಳ ಹೊತ್ತು ಕನ್ನಡಿಯನ್ನು ಒರೆಸುತ್ತ ನಿಂತರು.

"ಅಂದ್ರೆ ಓಡಬಹುದು ಅಂದ್ರಾ ಡಾಕ್ಟ್ರು?"

ಸಂತೋಷ ಹೆಚ್ಚಾದಾಗ ಮನುಷ್ಯ ಒಂದು ಹಿಡಿ ಉಪ್ಪುಖಾರ ಸೇರಿಸಿಯೇ ಮಾತಾಡುತ್ತಾನೆ. "ದಿನಾ ಓಡ್ಲೇಬೇಕು ಅಂದ್ರು ಸಾರ್. ಒಂದು ದಿನಾನೂ ತಪ್ಪಿಸಬಾರದಂತೆ."

"ಒಳ್ಳೇದೇ ಆಯ್ತು" ಎಂದರು ಯಜಮಾನರು. ಅಂಗಡಿಯ ಅತಿ ದುಬಾರಿ ಓಟದ ಬೂಟನ್ನು ಕಪಾಟಿನಿಂದ ತೆಗೆದು, ತಾವೇ ಮಂಡಿಯೂರಿ ಕೂತು ಅವನ ಕಾಲಿಗೆ ತೊಡಿಸಿದರು. ಅವನ ಕಣ್ಣು ತುಂಬಿ ಬಂತು. ಸಂಜೆ ಆ ಬೂಟು ನೋಡಿ ಹೆಂಡತಿಯೂ ಅಟ್ಟದ ಮಾತು ಬಿಟ್ಟಳು.

ವಾರ ಕಳೆಯುವಷ್ಟರಲ್ಲಿ ನೋವು ಮಾಯವಾಯಿತು. ಈಗ ಪಾದರಸ ದಿನಾ ಮುಂಜಾನೆ ಕೆರೆಯ ದಂಡೆಯ ಮೇಲೆ, ಎದೆಗೂ ಬೆನ್ನಿಗೂ ಅಂಗಡಿಯ ಬೋರ್ಡು ಕಟ್ಟಿಕೊಂಡು ಓಡುತ್ತಾನೆ. ಹಿಂದೆಯೇ ಯಜಮಾನರ ಸ್ಕೂಟರು. ಅದರ ಮೇಲಿನ ಮೈಕು ರಿಯಾಯಿತಿ ದರ ಕೂಗುತ್ತದೆ. ನಡೆಯಲು ಬಂದವರು ಅವನನ್ನು ತಡೆದು ನಿಲ್ಲಿಸುತ್ತಾರೆ. ಅವನು ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಅವರ ಪಾದಗಳ ಅಳತೆ ತೆಗೆಯುತ್ತಾನೆ.

ನಿನ್ನೆ ಅವನು, ಕಾಲು ಯಾಕೋ ನೋಯ್ತಿದೆ ಸಾರ್ ಎಂದು ಹೇಳಿ ನೋಡಿದ. ಯಜಮಾನರು ನಕ್ಕು ಸ್ಕೂಟರಿನ ಹಾರ್ನ್ ಒತ್ತಿದರು.