ಕೇಬಲ್ ಅಂದ್ರ ಏನಂತ ಗೊತ್ತಾದ ಮ್ಯಾಲೆ

ನಾನು ಕಂಬ ಹತ್ತಿದ ಊರಾಗ ಏನರ ಒಂದು ಆಗದ ಇರಂಗಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಾಗ ಫೇಲಾಗಿ, ಸಿರುಗುಪ್ಪದಾಗ ಟಿವಿ ಕೇಬಲ್ ನಡೆಸೋ ಸೋದರಮಾವನ ಕೂಡ ಕೆಲಸಕ್ಕ ಸೇರೀನಿ. ಮೂರು ಕಂಪ್ಲೇಂಟ್ ಬಂದ್ರ ಮತ್ತ ಸಾಲಿಗೆ ಅಂತ ಮಾವ ಮೊದಲ ದಿನಾನ ಹೇಳ್ಯಾನ. ನನಗ ಕಂಬದ ಹೆದರಿಕಿ ಇಲ್ಲ, ಸಾಲಿ ಬೆಂಚಿಂದೈತಿ.

1. ಒದ್ದಿ ಸೀರಿ

ದೇಶನೂರಿನಾಗ ಒಬ್ಬ ಅಜ್ಜಿ ನಮ್ಮ ಕೇಬಲ್ ಮ್ಯಾಲೆ ಸೀರಿ ಒಣಹಾಕಿದ್ಳು. ತಗಿ ಅಂದ್ರ ಕೇಳಲಿಲ್ಲ.

"ಅಜ್ಜಿ, ಸೀರಿ ನೀರು ವೈರಿನಾಗ ಇಳದು ಟಿವಿಗೆ ಹೋಗ್ತೈತಿ. ಧಾರಾವಾಹಿ ಸೊಸಿ ದಿನಾ ಅಳೋದು ಅದಕ್ಕ" ಅಂದೆ.

ಅಜ್ಜಿ ಗಾಬರಿಯಾಗಿ ಎಲ್ಲಾ ತಗದ್ಳು. ಎಂಟು ದಿನ ಬಿಟ್ಟು ಮಾವಗ ಫೋನು: ಸೀರಿ ತಗದ್ರೂ ಸೊಸಿ ಅಳೋದು ನಿಂತಿಲ್ಲ, ವೈರು ಬದಲಿ ಮಾಡ್ರಿ.

2. ಮಾಸ್ತರ ಪಾಠ

ಬಳ್ಳಾರಿ ಕಂಟೋನ್ಮೆಂಟಿನಾಗ ರಿಟೈರಾದ ಇಂಗ್ಲಿಷ್ ಮಾಸ್ತರ ಮನಿಗೆ ವೈರು ಎಳ್ಯಾಕ ಹೋದ್ವಿ. ಕೇಬಲ್ ಅಂದ್ರ ಏನಂತ ನನ್ನ ಕೇಳಿದ್ರು. ಟಿವಿ ಬಾಲ ಸರ ಅಂದೆ. ಅವರು ನಗಲಿಲ್ಲ. ಹಳೇ ಲ್ಯಾಟಿನ್ನಿನಾಗ ಅದು ದನದ ಕೊಳ್ಳಿಗೆ ಹಾಕೋ ಹಗ್ಗ ಇತ್ತಂತ. ಆಮ್ಯಾಲೆ ಹಡಗು ಕಟ್ಟೋ ದಪ್ಪ ಹಗ್ಗಕ್ಕ ಆ ಹೆಸರು ಬಂತು, ಕಡೀಕ ಕರೆಂಟು, ಟಿವಿ ವೈರಿಗೆ ಬಂತು ಅಂತ ಹೇಳಿದ್ರು.

ಗುರುದಕ್ಷಿಣಿ ಅಂತ ಅವರ ಟಿವ್ಯಾಗ ಇಂಗ್ಲಿಷ್ ಚಾನಲ್ ಎಲ್ಲಾ ತಗದು ತೆಲುಗು ಕಾರ್ಟೂನ್ ಹಾಕಿ ಬಂದೆ. ಮರುದಿನ ಮಾಸ್ತರ ಫೋನ್ ಬಂತು: ಇಂಗ್ಲಿಷ್ ಇರ್ಲಿ, ಆ ಕಾರ್ಟೂನ್ ಬೆಕ್ಕು ಮತ್ತ ಎಷ್ಟು ಗಂಟೆಗೆ ಬರ್ತೈತಿ? ಮಾವ ಅದನ್ನೂ ಕಂಪ್ಲೇಂಟ್ ಅಂತನ ಹಿಡದ.

3. ಎಮ್ಮಿ

ಕುರುಗೋಡು ಕಡೆ ಬಾದನಹಟ್ಟ್ಯಾಗ ಹೊಸ ಕೇಬಲ್ ಎಳದು, ಹೆಚ್ಚಾಗಿ ಉಳದ ಸುರುಳಿ ಕತ್ತರಸದ ಒಬ್ಬ ಕಾಕಾನ ಕೊಟ್ಟಿಗಿ ಮುಂದ ನೇತುಬಿಟ್ಟು ಬಂದಿದ್ದೆ. ಮರುದಿನ ಇಡೀ ಓಣಿ ಟಿವಿ ಬಂದ್. ಹೋಗಿ ನೋಡಿದ್ರ ಕಾಕಾ ಆ ಸುರುಳಿ ಬಿಚ್ಚಿ ಎಮ್ಮಿ ಕಟ್ಯಾನ. ಎಮ್ಮಿ ಜಗ್ಗಿ ಜಗ್ಗಿ ಕಂಬದ ಡಬ್ಬಿನ ಕಿತ್ತೈತಿ. ಮಾವ ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದ.

"ಕಾಕಾಂದು ತಪ್ಪಿಲ್ಲ ಮಾವ, ಕೇಬಲ್ ಇರೋದ ದನ ಕಟ್ಟಾಕ. ಬೇಕಾದ್ರ ಮಾಸ್ತರ್ನ ಕೇಳು" ಅಂದೆ.

ಮಾವ ಅಲ್ಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಮಾಸ್ತರ್ ಪೂರಾ ಕೇಳಿಸಿಕೊಂಡ್ರು.

"ಹುಡುಗ ಹೇಳಿದ್ದು ಖರೆ ಐತಿ" ಅಂದ್ರು. ನಾನು ಎದಿ ಉಬ್ಬಿಸಿದೆ. "ಒಂದ್ಸಲ ಕೇಳಿದ್ದು ಇಷ್ಟು ನೆನಪಿಟ್ಟಾವನ್ನ ಕಂಬ ಹತ್ತಸ್ತೀಯಲ್ಲಪ್ಪ. ನಾಳೇನ ಸಾಲಿಗೆ ಹಚ್ಚು. ಸಂಜಿಗೆ ನಾನೂ ಪಾಠ ಹೇಳ್ತೀನಿ."

ನಾನು ಹಿಂದಿಂದಕ್ಕ ಸರಕೊಂತ ಓಣಿ ಬಾಯಿ ಕಡೆ ನೋಡಿದೆ. ಕಾಕಾ ಎಮ್ಮಿ ಕೊಳ್ಳಾಗಿನ ಕೇಬಲ್ ಸಾವಕಾಶ ಬಿಚ್ಚಿ ಮಾವನ ಕೈಯಾಗ ಇಟ್ಟ.

"ತಗೋರ್ರಿ. ನಮ್ಮ ಎಮ್ಮಿ ಏನು ಓಡಿಹೋಗಂಗಿಲ್ಲ."