ಮಾಸ್ತರರ ಮನೆಯ ಕಾರ್ಡು ಕಾರ್ಖಾನೆ

ಹಳಿಯಾಳದಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದ ಬಸಲಿಂಗಯ್ಯ ಮಾಸ್ತರರು ಹೆಗಲ ಚೀಲ ಇಳಿಸುವ ಮೊದಲೇ ಘೋಷಿಸಿಬಿಟ್ಟರು: "ಇನ್ನ ಮ್ಯಾಲೆ ನನ್ನ ಸಾಲ್ಯಾಗ ಒಂದ ಕೂಸೂ ಹಿಂದ ಉಳಿಯೂದಿಲ್ಲ! ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಪಾಠ!"

"ಮೂವತ್ತೆಂಟು ಹುಡುಗ್ರಿಗೆ ಮೂವತ್ತೆಂಟು ಪಾಠಾ? ಮಾಸ್ತರು ನೀವೊಬ್ಬರ ಅದೀರಲ್ರಿ!" ಎಂದಳು ಹೆಂಡತಿ ಶಂಕ್ರೆವ್ವ.

"ನಿನಗ ತಿಳಿಯಂಗಿಲ್ಲ. ಮೈದಾ ಅಂಟು ಕುದಸು."

ಅದು ೨೦೦೩ನೇ ಇಸವಿ. ಮಳಗಿ ಹತ್ತಿರದ ಆ ಶಾಲೆಗೆ ಕೋಣೆ ಒಂದು, ತರಗತಿ ನಾಲ್ಕು. ಹೊಸ ಪದ್ಧತಿಯಲ್ಲಿ ಪ್ರತಿ ಮಗುವೂ ತನಗೆ ತಿಳಿದಷ್ಟು ಕಾರ್ಡು ಓದಿ ಮುಂದಿನದಕ್ಕೆ ಹೋಗಬೇಕು, ನಡುವೆ ರೇಡಿಯೋ ಪಾಠ ಕೇಳಬೇಕು. ಕಾರ್ಡು ಎಲ್ಲಿಂದ ಬರಬೇಕು? ಮಾಸ್ತರರ ಮನೆಯೇ ಕಾರ್ಖಾನೆಯಾಯಿತು! ಹಳೇ ಲಗ್ನಪತ್ರಿಕೆ ಕತ್ತರಿಸಿ ಅವರು ಅಕ್ಷರ ಬರೆಯುವುದು. ಮಾದರಿ ನೋಡಿ ಚಿತ್ರ ಅಂಟಿಸುವುದು ಶಾಲೆಯ ಕಟ್ಟೆಯನ್ನೇ ಹತ್ತದ ಶಂಕ್ರೆವ್ವನ ಪಾಲಿಗೆ.

"ಇದು ಯಾವ ಅಕ್ಷರಾರೀ?"

"ಅದ ತಗೊಂಡು ನೀ ಏನ ಮಾಡ್ತಿ? ಸುಮ್ನ ಅಂಟಸು!"

ಶಾಲೆಯಲ್ಲಿ ಮಾಸ್ತರರು ಕಿಟಕಿಯಾಚೆ ತಂತಿ ಹಿಡಿದು ನಿಂತರೆ ಮಾತ್ರ ರೇಡಿಯೋ ಮಾತಾಡುತ್ತಿತ್ತು. ಅವರು ಕಂಬದಂತೆ ನಿಂತಿದ್ದರೆ ಬೆನ್ನ ಹಿಂದೆ "ಸರ್, ನಂದು ಮುಗೀತ್ರಿ!" ಎಂಬ ಗದ್ದಲ. ತುಳಜಾ ಎಂಬ ಹುಡುಗಿ ಒಂದೇ ದಿನ ಹನ್ನೊಂದು ಕಾರ್ಡು ಮುಗಿಸಿದಳು. ಶಾಭಾಸ್ ಎಂದು ಬೆನ್ನು ತಟ್ಟಿ ನೋಡಿದರೆ, ಮೈದಾ ವಾಸನೆಗೆ ಬಂದ ಆಡು ಬಾಗಿಲಲ್ಲಿ ನಿಂತು ಹನ್ನೆರಡನೆಯದನ್ನು ಅಗಿಯುತ್ತಿತ್ತು!

ಅದೇ ಸಂಜೆ ಸೈಕಲ್ಲಿನಿಂದ ಚೀಲ ಬಿದ್ದು ಆರುನೂರು ಕಾರ್ಡು ಕಲಸಿಹೋದವು. ಮಾಸ್ತರರು ತಲೆ ಹಿಡಿದು ಕೂತರು. ಅಡಿಗೆ ಆಗುವಷ್ಟರಲ್ಲಿ ಶಂಕ್ರೆವ್ವ ಎಲ್ಲವನ್ನೂ ಬರೋಬ್ಬರಿ ಜೋಡಿಸಿಟ್ಟಿದ್ದಳು, ಚಿತ್ರವಿಲ್ಲದ ಕಾರ್ಡುಗಳನ್ನೂ. ಮಾಸ್ತರರು ಅದನ್ನು ಗಮನಿಸಲಿಲ್ಲ. ಒಬ್ಬೊಬ್ಬರನ್ನೂ ಗಮನಿಸಿ ಗಮನಿಸಿ ಶಾಲೆಯಲ್ಲೇ ಸಾಕಾಗಿತ್ತು!

ದೀಪಾವಳಿ ಹೊತ್ತಿಗೆ ಉತ್ಸಾಹವೆಲ್ಲ ಇಳಿದು, ದಾಂಡೇಲಿಗೆ ವರ್ಗ ಕೇಳಿ ಅರ್ಜಿ ಬರೆದರು. ಆ ಭಾನುವಾರ ಅಂಗಿ ಒಗೆಯಲು ಕೂತ ಶಂಕ್ರೆವ್ವನಿಗೆ ಕಿಸೆಯಲ್ಲಿ ಅದು ಸಿಕ್ಕಿತು.

"ನ-ನ್ನ... ಪ-ತ್ನಿ... ಪತ್ನಿ ಅಂದ್ರ ಯಾರ್ರೀ?"

ಚಹಾ ಕುಡಿಯುತ್ತಿದ್ದ ಮಾಸ್ತರರು ತಲೆ ಎತ್ತದೆ, "ಹೆಂಡತಿ," ಎಂದರು.

"ಹಂಗಾದ್ರ ನಾನು. ಪತ್ನಿ... ಮೂರು ವರ್ಷದಿಂದ... ಹಾಸಿಗೆ ಹಿಡಿದಿದ್ದು..." ಆಕೆ ತನ್ನ ಸಾಬೂನು ನೊರೆಯ ಕೈ ನೋಡಿಕೊಂಡಳು. "ನಾ ಯಾವಾಗ ಹಾಸಿಗಿ ಹಿಡದೇನ್ರೀ?"

ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. "ನಿನಗ... ಓದಾಕ ಯಾರು ಕಲಿಸಿದ್ರು?"

"ಯಾರ್ ಕಲಸ್ತಾರ? ಒಂದೊಂದ ಅಕ್ಷರಕ್ಕ ಮೂವತ್ತೆಂಟು ಸಲ ಚಿತ್ರ ಅಂಟಿಸೇನಿ."

"ಹಂಗ ಬರೀದಿದ್ರ ವರ್ಗ ಮಾಡಂಗಿಲ್ಲ. ಎಲ್ಲಾರೂ ಬರೀತಾರ. ಕೊಡಿಲ್ಲೆ, ಹರದ ಒಗೀತೇನಿ!"

"ತಡೀರಿ. ಇನ್ನೊಂದು ಪುಟ ಐತಿ."

ಎರಡನೇ ಪುಟದಲ್ಲಿ ಆಕೆಗೆ ಬುದ್ಧಿಭ್ರಮಣೆಯೂ ಆಗಿದೆಯೆಂದು ಮಾಸ್ತರರು ಬರೆದಿದ್ದರು. ಕಸಿದುಕೊಳ್ಳಲು ಎದ್ದರು, ಆಕೆ ಅತ್ತ ಹೊರಳಿ ಕೂತಳು.

ಶಂಕ್ರೆವ್ವ ಸೀರೆಗೆ ಕೈ ಒರೆಸಿಕೊಂಡು, ಹಾಳೆ ತಿರುವಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು.